ಅಗ್ಗದ ಪಿಸ್ತೂಲ್: ಗುರಿ ಎಷ್ಟು ಖರೆ, ಬೆಲೆ ಎಷ್ಟು ದುಬಾರಿ?

2025ರ ಸೆಪ್ಟೆಂಬರ್ 3ರಂದು ದೇವರನಿಂಬರಗಿ ಗ್ರಾಮ ಪಂಚಾಯ್ತಿ ಅಧ್ಯಕ್ಷರನ್ನು ಕ್ಷೌರದಂಗಡಿಯಲ್ಲಿ ಕೂತಲ್ಲೇ ಗುಂಡಿಟ್ಟು ಕೊಂದರು. ಅದಾಗಿ ಎರಡು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 16ರ ಸಂಜೆ, ಅದೇ ಚಡಚಣ ತಾಲ್ಲೂಕಿನ ಕೇಂದ್ರದಲ್ಲಿ ಮುಸುಕು ಹಾಕಿದವರು ಎಸ್‌ಬಿಐ ಶಾಖೆಗೆ ನುಗ್ಗಿ, ಪಿಸ್ತೂಲ್ ತೋರಿಸಿ, ಸಿಬ್ಬಂದಿಯನ್ನು ಕಟ್ಟಿಹಾಕಿ ಸುಮಾರು 20 ಕೆ.ಜಿ. ಚಿನ್ನ ಮತ್ತು ಕೋಟಿ ರೂಪಾಯಿಗೂ ಮಿಕ್ಕಿದ ನಗದು ಹೊತ್ತೊಯ್ದರು.

ಅಲ್ಲಿಂದೀಚೆಗೆ ಭೀಮಾ ತೀರದ ಊರುಗಳಲ್ಲಿ, ಅಷ್ಟೇ ಅಲ್ಲ ಕೃಷ್ಣಾ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲೂ ಅಂಗಡಿ ಕಟ್ಟೆಯ ಮೇಲೆ ಒಂದು ಮಾತು ಓಡಾಡುತ್ತಿದೆ. "ಅವರ ಹತ್ರ ಐತಿ ಅಂದ್ರ ನಮ್ಮ ಹತ್ರಾನೂ ಒಂದು ಇರಬೇಕಲ್ರಿ?" ರಾತ್ರಿ ಗಲ್ಲಾ ಎಣಿಸಿ, ರೊಕ್ಕ ಚೀಲದಲ್ಲಿ ಹಾಕಿಕೊಂಡು ಬೈಕ್ ಹತ್ತುವ ವ್ಯಾಪಾರಿಗೆ ಈ ಮಾತು ತಲೆಯಲ್ಲಿ ಬರುವುದು ಸಹಜ. ಇಂಡಿಯ ಲಿಂಬೆ ವ್ಯಾಪಾರಿ, ಸಿಂದಗಿಯ ಹತ್ತಿ ಖರೀದಿದಾರ, ತಾಳಿಕೋಟೆ ಕಡೆಯ ತೊಗರಿ ಅಡತಿಯವರು, ಬಾಗೇವಾಡಿಯ ಬಂಗಾರದಂಗಡಿಯವರು, ಎಲ್ಲರಿಗೂ ಸುಗ್ಗಿಯಲ್ಲಿ ಕೈಯಲ್ಲಿ ರೊಕ್ಕ ಇರುತ್ತದೆ, ರಸ್ತೆಯಲ್ಲಿ ಕತ್ತಲೆ ಇರುತ್ತದೆ.

ಹಾಗಾದರೆ ಆ ಸಾಮಾನನ್ನು ಸಾಮಾನಿನ ಹಾಗೆಯೇ ನೋಡೋಣ. ಅಂಗಡಿಕಾರ ಯಾವ ಮಾಲು ಕೊಳ್ಳುವಾಗಲೂ ಕೇಳುವ ಪ್ರಶ್ನೆ ಮೂರು: ಹೇಳಿದ ಕೆಲಸ ಮಾಡುತ್ತದೆಯೇ, ಎಷ್ಟು ದಿನ ಬಾಳುತ್ತದೆ, ಒಟ್ಟು ಎಷ್ಟು ಬೀಳುತ್ತದೆ. ಕಂಟ್ರಿ ಪಿಸ್ತೂಲ್ ಈ ಮೂರರಲ್ಲೂ ನಪಾಸು. ಆದರೆ ಯಾಕೆ ನಪಾಸು ಅನ್ನುವುದು ಗೊತ್ತಿಲ್ಲದಿದ್ದರೆ ಕಟ್ಟೆ ಮಾತು ನಿಲ್ಲುವುದಿಲ್ಲ.

ನಳಿಕೆಯೊಳಗಿನ ಗೀರು

ಕಾರ್ಖಾನೆಯ ಪಿಸ್ತೂಲಿನ ನಳಿಕೆಯೊಳಗೆ ಸುರುಳಿ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ಗಿರಗಿರನೆ ತಿರುಗುತ್ತ ಹೊರಬರುತ್ತದೆ. ಬುಗುರಿ ತಿರುಗುವಷ್ಟು ಹೊತ್ತು ಹೇಗೆ ನೆಟ್ಟಗೆ ನಿಲ್ಲುತ್ತದೋ ಹಾಗೆ, ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಕೈಕೆಲಸದ ಅಗ್ಗದ ಪಿಸ್ತೂಲುಗಳಲ್ಲಿ ಹಲವಕ್ಕೆ ಈ ಗೀರೇ ಇರುವುದಿಲ್ಲ, ಇದ್ದರೂ ಅಳತೆಗೆ ಇರುವುದಿಲ್ಲ. ಗುಂಡಿಗಿಂತ ನಳಿಕೆ ಒಂಚೂರು ಸಡಿಲಾದರೂ ಸಾಕು, ಗುಂಡು ಒಳಗೇ ಬಡಿದಾಡಿ ಎತ್ತಲೋ ಮುಖ ಮಾಡಿ ಹೊರಬೀಳುತ್ತದೆ. ತಿರುಗದೆ ಬಂದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ.

ಇದಕ್ಕೆ ಕೈಯ ನಡುಕ ಸೇರಿಸಿ. ಬಂದೂಕಿನ ಹಾಗೆ ಪಿಸ್ತೂಲಿಗೆ ಭುಜದ ಆಸರೆಯಿಲ್ಲ, ನಳಿಕೆಯೂ ಗೇಣುದ್ದ. ಲೆಕ್ಕ ಬಹಳ ಸರಳ. ನಳಿಕೆಯ ಮುಖ ಒಂದೇ ಡಿಗ್ರಿ ತಪ್ಪಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂ.ಮೀ. ಆಚೆ ಬೀಳುತ್ತದೆ. ಐದು ಡಿಗ್ರಿ ತಪ್ಪಿದರೆ 87 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಮೂರು ಅಡಿ. ಹೆದರಿದ ಮನುಷ್ಯನ ಕೈಯಲ್ಲಿ ಐದು ಡಿಗ್ರಿ ದೊಡ್ಡ ಮಾತಲ್ಲ. ಆ ಮೂರು ಅಡಿ ಆಚೆ ಸಂತೆಯ ದಿನ ಯಾರು ನಿಂತಿರುತ್ತಾರೆ ಅನ್ನುವುದನ್ನು ಅಂಗಡಿಯವರೇ ಊಹಿಸಿಕೊಳ್ಳಲಿ.

"ಪೊಲೀಸರು ಹೊಡೆಯಂಗಿಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ವರ್ಷಾ ವರ್ಷ ಅಭ್ಯಾಸ ಮಾಡುವ, ಒಳ್ಳೆಯ ಕಾರ್ಖಾನೆಯ ಪಿಸ್ತೂಲ್ ಹಿಡಿದ ಪೊಲೀಸರ ಗುರಿಯ ಬಗ್ಗೆಯೂ ಒಂದು ಲೆಕ್ಕ ಸಿಗುತ್ತದೆ. ಅಮೆರಿಕದ ರ‍್ಯಾಂಡ್ ಸಂಸ್ಥೆ ನ್ಯೂಯಾರ್ಕ್ ಪೊಲೀಸರ ಬಗ್ಗೆ 2008ರಲ್ಲಿ ಕೊಟ್ಟ ವರದಿಯಲ್ಲಿ, ಎದುರಿನವನೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ನೂರು ಗುಂಡಿನಲ್ಲಿ ಗುರಿಗೆ ತಗುಲಿದ್ದು ಸರಾಸರಿ 18 ಮಾತ್ರ ಎಂದಿತ್ತು. ಉಳಿದ 82 ಬೇರೆಲ್ಲಿಗೋ ಹೋದವು. ತರಬೇತಿ ಪಡೆದ ಕೈ, ಸರಿಯಾದ ಪಿಸ್ತೂಲ್ ಇದ್ದೂ ಇಷ್ಟು. ಜೀವಮಾನದಲ್ಲಿ ತಕ್ಕಡಿ, ಕ್ಯಾಲ್ಕುಲೇಟರ್ ಬಿಟ್ಟು ಬೇರೇನೂ ಹಿಡಿಯದ ಕೈಗೆ ಕುಲುಮೆಯ ಪಿಸ್ತೂಲ್ ಕೊಟ್ಟರೆ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆ?

ಜಿಲ್ಲೆಯ ಘಟನೆಗಳೇ ಹೇಳುವುದು

ನ್ಯೂಯಾರ್ಕ್ ದೂರವಾಯಿತು. 2017ರ ಆಗಸ್ಟ್‌ನಲ್ಲಿ ವಿಜಯಪುರದ ನ್ಯಾಯಾಲಯದ ಆವರಣದಲ್ಲೇ ಬಾಗಪ್ಪ ಹರಿಜನನ ಮೇಲೆ ಗುಂಡಿನ ದಾಳಿ ನಡೆಯಿತು. ಹತ್ತಿರದಿಂದ ಹಾರಿಸಿದ ಹಲವು ಗುಂಡು ತಗುಲಿದರೂ ಆತ ಬದುಕಿ ಉಳಿದ. ಏಳೂವರೆ ವರ್ಷದ ನಂತರ, 2025ರ ಫೆಬ್ರುವರಿ 11ರಂದು ವಿಜಯಪುರದಲ್ಲೇ ಕೊಲೆಯಾದ. ಆ ಸಲದ ದಾಳಿಯಲ್ಲಿ ಹರಿತ ಆಯುಧಗಳ ಪೆಟ್ಟೂ ಇತ್ತು.

2020ರ ನವೆಂಬರ್ 2ರಂದು ಕನ್ನಾಳ ಕ್ರಾಸ್ ಹತ್ತಿರ ನಡೆದದ್ದು ಇನ್ನೂ ಸ್ಪಷ್ಟ. ಕಾರಿಗೆ ಟಿಪ್ಪರ್ ಗುದ್ದಿಸಿ, ಗುಂಪಾಗಿ ಬಂದವರು ಗುಂಡು ಹಾರಿಸಿದರು. ಯಾರನ್ನು ಕೊಲ್ಲಲು ಅಷ್ಟೆಲ್ಲ ಸಿದ್ಧತೆ ನಡೆದಿತ್ತೋ ಆ ವ್ಯಕ್ತಿ ಗಾಯಗೊಂಡು ಬದುಕಿದರು. ಸತ್ತವರು ಜೊತೆಗಿದ್ದ ಇಬ್ಬರು. ಗುರಿಯ ಬಗ್ಗೆ ಇದಕ್ಕಿಂತ ಖರೆ ವರದಿ ಯಾವ ಪರೀಕ್ಷಾ ಕೇಂದ್ರವೂ ಕೊಡಲಾರದು. ಭೀಮಾ ತೀರದ ಹಗೆತನದ ಕಥೆಗಳಲ್ಲಿ ಗುರಿ ತಪ್ಪದ ಹೊಡೆತಗಾರರ ವರ್ಣನೆ ಬಹಳ ಕೇಳಿಸುತ್ತದೆ. ಸಿನಿಮಾಗಳೂ ಅದಕ್ಕೆ ತುಪ್ಪ ಸುರಿದಿವೆ. ಆಸ್ಪತ್ರೆಯ ದಾಖಲೆ ಮತ್ತು ಪಂಚನಾಮೆ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ.

ಹಾಗೆಂದು ಅದು ಆಟಿಕೆಯಲ್ಲ. ಇಲ್ಲಿಯೇ ಅಂಗಡಿಕಾರರು ಗಮನಿಸಬೇಕಾದ ಮುಖ್ಯ ವಿಷಯ ಇರುವುದು.

ಸಿಂದಗಿ ತಾಲ್ಲೂಕಿನ ಮೂಲದ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಗೇಟಿನ ಬಳಿ ಕೊಂದರು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂಎಂ ಕಂಟ್ರಿ ಪಿಸ್ತೂಲ್ ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಗೌರಿ ಪ್ರಕರಣದಲ್ಲಿ ಗುಂಡು ಹಾರಿಸಿದ ಆರೋಪದ ಮೇಲೆ 2018ರಲ್ಲಿ ಬಂಧಿತನಾದವನೂ ಸಿಂದಗಿಯವನೇ. ಪ್ರಕರಣ ನ್ಯಾಯಾಲಯದ ಮುಂದಿದೆ.

ಅದೇ ಕಂಟ್ರಿ ಪಿಸ್ತೂಲ್ ಅಲ್ಲಿ ಕೆಲಸ ಮಾಡಿತಲ್ಲ? ಮಾಡಿತು. ಯಾಕೆಂದರೆ ಎರಡೂ ಕಡೆ ಹೊಡೆಯುವವನು ಒಂದು ಮಾರು, ಎರಡು ಮಾರು ದೂರದಲ್ಲಿ ನಿಂತಿದ್ದ. ಎದುರಿಗಿದ್ದವರ ಕೈ ಖಾಲಿ ಇತ್ತು. ಸಮಯ, ಜಾಗ, ಅಂತರ ಎಲ್ಲವನ್ನೂ ಆರಿಸಿಕೊಂಡು ಬಂದವನಿಗೆ ಗುರಿಯ ಅಗತ್ಯವೇ ಇಲ್ಲ. ಮೂರು ಅಡಿಯಲ್ಲಿ ಕೆಟ್ಟ ನಳಿಕೆಯೂ ಸಾಕಾಗುತ್ತದೆ. ದೇವರನಿಂಬರಗಿಯ ಕ್ಷೌರದಂಗಡಿಯಲ್ಲೂ ಕುರ್ಚಿಯಲ್ಲಿ ಕೂತವರಿಗೆ ಏಳಲು ಅವಕಾಶ ಸಿಗಲಿಲ್ಲ.

ಅಗ್ಗದ ಪಿಸ್ತೂಲಿನ ಗುಟ್ಟು ಇಷ್ಟೇ. ಅದು ಹೋಗಿ ಹೊಡೆಯುವವನ ಸಾಮಾನು, ಕೂತು ಕಾಯುವವನದ್ದಲ್ಲ. ಅಂಗಡಿಯವನಿಗೆ ಸಮಯ ಆರಿಸಿಕೊಳ್ಳುವ ಹಕ್ಕಿಲ್ಲ. ಅವನು ಗಿರಾಕಿಗೆ ಸಕ್ಕರೆ ಕಟ್ಟುತ್ತಿರುತ್ತಾನೆ, ಫೋನ್‌ನಲ್ಲಿ ಉದ್ರಿ ಕೇಳುತ್ತಿರುತ್ತಾನೆ. ಬಂದವನ ಕೈಯಲ್ಲಿ ಆಗಲೇ ಪಿಸ್ತೂಲ್ ಎತ್ತಿ ಹಿಡಿದಿರುತ್ತದೆ. ಇವನದು ಗಲ್ಲಾದ ಕೆಳಗಿನ ಖಾನೆಯಲ್ಲಿ, ಬಟ್ಟೆ ಸುತ್ತಿ, ಕೀಲಿ ಹಾಕಿ ಇಟ್ಟಿರುತ್ತದೆ. ಅದನ್ನು ತೆಗೆಯಲು ಕೈ ಹಾಕಿದ ಆ ಕ್ಷಣವೇ ಬಂದವನಿಗೆ ಗುಂಡು ಹಾರಿಸಲು ನೆಪ. ರೊಕ್ಕ ತಗೊಂಡು ಹೋಗುತ್ತಿದ್ದವನು ಜೀವ ತಗೊಂಡು ಹೋಗುತ್ತಾನೆ.

ಡುಪ್ಲಿಕೇಟ್ ಮಾಲಿನ ಮೇಲೆ ವಿದೇಶಿ ಮುದ್ರೆ

ಪೊಲೀಸರು ಹಿಡಿದ ಕಂಟ್ರಿ ಪಿಸ್ತೂಲುಗಳ ಫೋಟೊಗಳನ್ನು ಸರಿಯಾಗಿ ನೋಡಿದವರಿಗೆ ಒಂದು ತಮಾಷೆ ಕಾಣುತ್ತದೆ. ಎಷ್ಟೋ ಪಿಸ್ತೂಲುಗಳ ಮೇಲೆ "ಮೇಡ್ ಇನ್ ಯುಎಸ್ಎ" ಎಂದೋ, ಇನ್ಯಾವುದೋ ದೇಶದ ಹೆಸರೋ ಕೊರೆದಿರುತ್ತದೆ. ಡುಪ್ಲಿಕೇಟ್ ಬೇರಿಂಗ್, ಡುಪ್ಲಿಕೇಟ್ ಬೀಜದ ಪ್ಯಾಕೆಟ್ ಕಂಡ ವ್ಯಾಪಾರಿಗೆ ಇದು ಹೊಸದಲ್ಲ. ವ್ಯತ್ಯಾಸ ಏನೆಂದರೆ ಡುಪ್ಲಿಕೇಟ್ ಬೇರಿಂಗ್ ಹೋದರೆ ಪಂಪ್ ನಿಲ್ಲುತ್ತದೆ. ಇದು ಹೋದರೆ ಕೈಬೆರಳು ಹೋಗುತ್ತವೆ.

ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರಗೋನ್, ಬಡವಾನಿ ಜಿಲ್ಲೆಗಳ ಕೆಲವು ಹಳ್ಳಿಗಳು ಈ ದಂಧೆಗೆ ಹೆಸರಾಗಿವೆ. ಬಡವಾನಿ ಜಿಲ್ಲೆಯ ಉಮರ್ಟಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಪುಣೆ ಪೊಲೀಸರು 2025ರ ನವೆಂಬರ್‌ನಲ್ಲಿ ಅಲ್ಲಿಯವರೆಗೂ ಹೋಗಿ ದಾಳಿ ಮಾಡಿ ಕುಲುಮೆಗಳನ್ನು ಕೆಡವಿದ್ದರು. ಮಹಾರಾಷ್ಟ್ರಕ್ಕೆ ಬಂದ ಮಾಲಿಗೆ ಸೊಲ್ಲಾಪುರ ಜಿಲ್ಲೆ ದಾಟಿದರೆ ಇಂಡಿ, ಚಡಚಣ ದೂರವಲ್ಲ. ಜಿಲ್ಲೆಯ ಪೊಲೀಸರು ಒಂದು ಕೊಲೆ ಪ್ರಕರಣದ ಬೆನ್ನು ಹತ್ತಿ ಹೋದರೆ ನಾಲ್ಕಾರು ಪಿಸ್ತೂಲು ಸಿಗುವ ಸ್ಥಿತಿ ಬಂದಿರುವುದು ಇದೇ ಕಾರಣಕ್ಕೆ.

ಕಾನೂನುಬದ್ಧ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಪಿಸ್ತೂಲನ್ನೂ ಮಾರುವ ಮೊದಲು ಮಾಮೂಲಿಗಿಂತ ಹೆಚ್ಚು ಒತ್ತಡದ ಗುಂಡು ಹಾರಿಸಿ ಪರೀಕ್ಷಿಸುತ್ತಾರೆ. ನಳಿಕೆ ತಡೆದುಕೊಂಡರೆ ಮಾತ್ರ ಮುದ್ರೆ ಬೀಳುತ್ತದೆ. ಕುಲುಮೆಯ ಮಾಲಿಗೆ ಆ ಪರೀಕ್ಷೆ ಮಾಡುವವನು ಕೊಂಡವನೇ, ತನ್ನ ಮುಖದಿಂದ ಎರಡಡಿ ದೂರದಲ್ಲಿ. ಉಕ್ಕಿನ ಗುಣ ಗೊತ್ತಿಲ್ಲ. ಗುಂಡು ಎಷ್ಟು ಹಳೆಯದು, ಯಾರು ತುಂಬಿದ್ದು ಗೊತ್ತಿಲ್ಲ. ಕುದುರೆ ಎಳೆದರೆ ಹಾರದೆ ಇರಬಹುದು, ಎರಡನೆಯದು ಸಿಕ್ಕಿಹಾಕಿಕೊಳ್ಳಬಹುದು, ಕೆಳಗೆ ಬಿದ್ದರೆ ತಾನೇ ಹಾರಬಹುದು. ಮಕ್ಕಳು ಓಡಾಡುವ ಮನೆಯಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕ್ ಮೇಲೆ ಹೋಗುವಾಗ ಈ ಕೊನೆಯದ್ದೇ ಹೆಚ್ಚು ಭಯದ್ದು.

ಅಗ್ಗದ ಪಿಸ್ತೂಲಿನ ಸಮಸ್ಯೆ ನಮ್ಮಲ್ಲಿ ಮಾತ್ರ ಇಲ್ಲ, ಕಳ್ಳಮಾಲಿನಲ್ಲಿ ಮಾತ್ರವೂ ಇಲ್ಲ. ಅಮೆರಿಕ 1968ರಲ್ಲಿ ಸಣ್ಣ, ಅಗ್ಗದ ಪಿಸ್ತೂಲುಗಳ ಆಮದಿಗೆ ತಡೆ ಹಾಕಿತು. ಆಮದು ನಿಂತಿತು, ಆದರೆ ಲಾಸ್ ಏಂಜಲೀಸ್ ಸುತ್ತಮುತ್ತ ಅಂಥದೇ ಮಾಲು ಮಾಡುವ ಕಂಪನಿಗಳು ಎದ್ದವು. ಅದರಲ್ಲೊಂದು ಪಿಸ್ತೂಲನ್ನು ಖಾಲಿ ಮಾಡಬೇಕಾದರೆ ಅದರ ಸುರಕ್ಷತಾ ಕೀಲನ್ನು ಮೊದಲು ತೆಗೆಯಬೇಕಿತ್ತು. 1994ರಲ್ಲಿ ಹಾಗೆ ಖಾಲಿ ಮಾಡಲು ಹೋದಾಗ ಗುಂಡು ಹಾರಿ 7 ವರ್ಷದ ಹುಡುಗನೊಬ್ಬ ಪಾರ್ಶ್ವವಾಯುವಿಗೆ ತುತ್ತಾದ. 2003ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಭಾರಿ ಪರಿಹಾರ ಕೊಡಲು ಹೇಳಿತು, ಕಂಪನಿ ದಿವಾಳಿಯಾಯಿತು. ಅಲ್ಲಿ ಕೇಳಲು ಒಂದು ಕಂಪನಿಯಾದರೂ ಇತ್ತು, ಬಿಲ್ ಇತ್ತು. ಇಲ್ಲಿ ಮಾರಿದವನ ಮೊಬೈಲ್ ನಂಬರೂ ಮರುದಿನ ಬಂದ್.

ಬೆಲೆಯ ಪಟ್ಟಿ

ಇನ್ನು ರೊಕ್ಕದ ಲೆಕ್ಕ. ಲೈಸನ್ಸ್ ಮೇಲೆ ಸಿಗುವ ಪಿಸ್ತೂಲ್, ರಿವಾಲ್ವರ್ ನಮ್ಮಲ್ಲಿ ಅಗ್ಗವಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗಾಗಿ ಎಂದು ಹೇಳಿ ಹೊರತಂದ .32 ಬೋರ್‌ನ 'ನಿರ್ಭೀಕ್' ರಿವಾಲ್ವರಿಗೆ ಆಗಲೇ 1.22 ಲಕ್ಷ ರೂಪಾಯಿ ಆಸುಪಾಸು ಬೆಲೆಯಿತ್ತು. ತೂಕ ಅರ್ಧ ಕೆ.ಜಿ. 2023ರಲ್ಲಿ ಬಂದ 'ಪ್ರಬಲ್' 50 ಮೀಟರ್‌ವರೆಗೆ ಗುರಿ ಹಿಡಿಯುತ್ತದೆ ಎಂದು ಕಾರ್ಖಾನೆ ಹೇಳಿಕೊಂಡಿತು. ವಿದೇಶಿ ಪಿಸ್ತೂಲಿನ ಆಮದು ಸಾಮಾನ್ಯ ಜನರಿಗೆ ಬಂದ್ ಆಗಿ ದಶಕಗಳೇ ಆದವು. 9 ಎಂಎಂ ನಾಗರಿಕರಿಗೆ ನಿಷಿದ್ಧ. ಹೀಗಾಗಿ ಕಾನೂನಿನ ಬಾಗಿಲಲ್ಲಿ ಬೆಲೆ ಲಕ್ಷದ ಮೇಲೆ, ಕಳ್ಳಬಾಗಿಲಲ್ಲಿ ಹತ್ತಾರು ಸಾವಿರಕ್ಕೆ ಸಿಗುತ್ತದೆ ಎಂಬ ಮಾತು. "ಅರ್ಧಕ್ಕಿಂತ ಕಡಿಮಿಗೆ ಬರ್ತದಲ್ರಿ" ಎಂಬ ಆಸೆ ಹುಟ್ಟುವುದು ಇಲ್ಲೇ.

ಆದರೆ ಆ ಹತ್ತಾರು ಸಾವಿರ ಬರೀ ಮುಂಗಡ. ಶಸ್ತ್ರಾಸ್ತ್ರ ಕಾಯ್ದೆ 1959ಕ್ಕೆ 2019ರಲ್ಲಿ ತಿದ್ದುಪಡಿಯಾಗಿ ಶಿಕ್ಷೆ ಬಿಗಿಯಾಗಿದೆ. ಲೈಸನ್ಸ್ ಇಲ್ಲದ ಪಿಸ್ತೂಲ್ ಬರೀ ಇಟ್ಟುಕೊಂಡಿದ್ದಕ್ಕೇ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅದು ಜಾಮೀನು ರಹಿತ ಅಪರಾಧ. ಸಿಕ್ಕಿದ್ದು 9 ಎಂಎಂನಂಥ ನಿಷಿದ್ಧ ಬೋರ್‌ನದ್ದಾದರೆ 7 ರಿಂದ 14 ವರ್ಷ. ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, ಲೈಸನ್ಸ್ ಇದ್ದವನಿಗೂ 2 ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ. ಸೊಂಟದಲ್ಲಿ ಸಿಕ್ಕಿಸಿಕೊಂಡು ರೀಲ್ಸ್ ಮಾಡುವ ಹುಡುಗರಂತೂ ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಅಪ್‌ಲೋಡ್ ಮಾಡುತ್ತಾರೆ. ಪೊಲೀಸರಿಗೆ ಇಷ್ಟು ಸಲೀಸಾದ ಕೇಸು ಬೇರೆ ಸಿಗಲಾರದು.

ವ್ಯಾಪಾರಸ್ಥರಿಗೆ ಹೆಚ್ಚು ಗೊತ್ತಿಲ್ಲದ ಎರಡು ಅಂಶ ಇದೇ ಕಾಯ್ದೆಯಲ್ಲಿವೆ. ಒಂದು, ಜಂಟಿಯಾಗಿ ಬಳಸುವ ಜಾಗ ಅಥವಾ ವಾಹನದಲ್ಲಿ ಶಸ್ತ್ರ ಸಿಕ್ಕರೆ, ಅದು ಅಲ್ಲಿದೆ ಎಂದು ಗೊತ್ತಿತ್ತು ಎನ್ನಲು ಕಾರಣ ಇರುವ ಪ್ರತಿಯೊಬ್ಬರೂ ಹೊಣೆಯಾಗುತ್ತಾರೆ. "ಎರಡ ದಿನ ನಿಮ್ಮ ಗೋದಾಮಿನ್ಯಾಗ ಇಟ್ಟಿರ್ರಿ ಅಣ್ಣಾರ" ಎಂದು ಯಾರೋ ಚೀಲ ಬಿಟ್ಟು ಹೋದರೆ, ಒಳಗೇನಿದೆ ಎಂದು ಗೊತ್ತಿದ್ದೂ ಸುಮ್ಮನಿದ್ದ ಪಾಲುದಾರ ಅಣ್ಣತಮ್ಮಂದಿರೆಲ್ಲ ಕಟಕಟೆಗೆ ಬರಬೇಕಾದೀತು. ಎರಡನೆಯದು ಲೇಥ್, ವೆಲ್ಡಿಂಗ್ ಅಂಗಡಿಯವರಿಗೆ. ಪರವಾನಗಿ ಇಲ್ಲದೆ ಬಂದೂಕು-ಪಿಸ್ತೂಲ್ ತಯಾರಿಸುವುದು, ಮಾರುವುದು ಮಾತ್ರವಲ್ಲ, ದುರಸ್ತಿ ಮಾಡುವುದೂ ಅದೇ ಕಲಮಿನಲ್ಲಿ ಬರುತ್ತದೆ. ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಪರಿಚಯದವನು "ಇದೊಂದು ಸ್ಪ್ರಿಂಗ್ ಕೂಡಿಸಿಕೊಡ್ರಿ" ಎಂದಾಗ ಐವತ್ತು ರೂಪಾಯಿಗೆ ಮಾಡಿಕೊಟ್ಟ ಕೆಲಸಕ್ಕೆ ಆ ಬೆಲೆ.

ಸ್ವರಕ್ಷಣೆಗೆ ಹೊಡೆದರೆ ತಪ್ಪಿಲ್ಲ ಎಂಬ ವಾದವೂ ಇದೆ. ಜೀವ, ಆಸ್ತಿ ರಕ್ಷಿಸಿಕೊಳ್ಳುವ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೆ, ನಿಜ. ಹೊಡೆತಕ್ಕೆ ಆ ಹಕ್ಕು ಸಿಕ್ಕರೂ ಕೈಯಲ್ಲಿದ್ದ ಕಳ್ಳ ಪಿಸ್ತೂಲಿನ ಕೇಸು ಬೇರೆಯಾಗಿ ಉಳಿಯುತ್ತದೆ. ಅಂದರೆ ದರೋಡೆಕೋರನನ್ನು ಓಡಿಸಿದ ಅಂಗಡಿಯವನೇ ಮೊದಲು ಒಳಗೆ ಹೋಗುವ ಪರಿಸ್ಥಿತಿ. ವಕೀಲರ ಫೀಸು, ತಿಂಗಳುಗಟ್ಟಲೆ ಮುಚ್ಚಿದ ಬಾಗಿಲು, ಮಕ್ಕಳ ಮದುವೆ ಮಾತುಕತೆಯಲ್ಲಿ ಏಳುವ ಪ್ರಶ್ನೆ, ಇವನ್ನೆಲ್ಲ ಕೂಡಿಸಿದರೆ ಲೈಸನ್ಸಿನ ರಿವಾಲ್ವರೇ ಅಗ್ಗ ಅನ್ನಿಸುತ್ತದೆ.

ಇನ್ನೊಂದು ಖರ್ಚು ಯಾರೂ ಎಣಿಸುವುದಿಲ್ಲ. ಮಾರಿದವನಿಗೆ ಕೊಂಡವನು ಯಾರು ಅಂತ ಗೊತ್ತು. ಅವನು ಯಾವತ್ತೋ ಒಂದು ದಿನ ಬೇರೆ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಆಗ ಅವನ ಬಾಯಿಂದ ಬರುವ ಹೆಸರುಗಳಲ್ಲಿ ಕಿರಾಣಿ ಅಂಗಡಿಯವರದ್ದೂ ಇರುತ್ತದೆ. ಅದಕ್ಕೂ ಮೊದಲು ಹೆಸರು ಹೇಳುತ್ತೇನೆಂದು ಹೆದರಿಸಿ ರೊಕ್ಕ ಕಿತ್ತರೂ ಠಾಣೆಗೆ ಹೋಗಿ ಹೇಳುವಂತಿಲ್ಲ.

ಅದೇ ಪಿಸ್ತೂಲು ಮೊದಲು ಎಲ್ಲಿ ಕೆಲಸ ಮಾಡಿ ಬಂದಿದೆ ಎಂಬುದೂ ಕೊಂಡವನಿಗೆ ತಿಳಿಯದು. ಕಲಬುರ್ಗಿ, ಗೌರಿ ಪ್ರಕರಣಗಳಲ್ಲಿ ತಜ್ಞರು ಪಿಸ್ತೂಲು ಕೈಗೆ ಸಿಗದೆಯೇ ಬರೀ ಗುಂಡು ಮತ್ತು ಕಾರ್ತೂಸುಗಳ ಮೇಲಿನ ಗುರುತು ಹೋಲಿಸಿ ಎರಡೂ ಒಂದೇ ಎಂದು ಹೇಳಿದರು. ಕೈಯಿಂದ ಅರ ಹಾಕಿ ಮಾಡಿದ ಭಾಗಗಳು ಬಿಡುವ ಗೀಚು ಒಂದರಂತೆ ಇನ್ನೊಂದಿರುವುದಿಲ್ಲ, ಬೆರಳಚ್ಚಿನ ಹಾಗೆ. ನಂಬರ್ ಇಲ್ಲದ ಮಾಲು, ಪತ್ತೆ ಆಗಂಗಿಲ್ಲ ಎಂದು ಮಾರುವವರು ಹೇಳುವುದು ಸುಳ್ಳು. ಹಳೆಯ ಕೊಲೆಯ ಗುರುತು ಹೊತ್ತ ಪಿಸ್ತೂಲು ಗಲ್ಲಾದ ಕೆಳಗೆ ಸಿಕ್ಕರೆ, ತಾನು ನಿನ್ನೆ ಮೊನ್ನೆ ಕೊಂಡದ್ದು ಎಂದು ಸಾಬೀತು ಮಾಡಲು ಅಂಗಡಿಯವನ ಬಳಿ ರಶೀದಿ ಎಲ್ಲಿದೆ?

ಮನಗೂಳಿಯ ಕೀಲಿ

ಬಂದೂಕಿನ ಮಾತಿನ ನಡುವೆ ಮನಗೂಳಿಯನ್ನು ಮರೆಯಬಾರದು. ಬಸವನ ಬಾಗೇವಾಡಿ ತಾಲ್ಲೂಕಿನ ಈ ಊರಿನ ಕೆನರಾ ಬ್ಯಾಂಕ್ ಶಾಖೆಯಿಂದ 2025ರ ಮೇ ಕೊನೆಯ ವಾರಾಂತ್ಯದ ರಜೆಯಲ್ಲಿ ಸುಮಾರು 59 ಕೆ.ಜಿ. ಚಿನ್ನ ಹೋಯಿತು. ಚಡಚಣದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು. ಅಲ್ಲಿ ಯಾರೂ ಪಿಸ್ತೂಲ್ ತೋರಿಸಲಿಲ್ಲ, ಒಂದು ಗುಂಡೂ ಹಾರಲಿಲ್ಲ. ನಕಲಿ ಕೀಲಿ ಬಳಸಿದ ಆರೋಪದಲ್ಲಿ ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯಲ್ಲಿ ಮೊದಲು ಮ್ಯಾನೇಜರ್ ಆಗಿದ್ದವನೂ ಇದ್ದ. ಖಾನೆಯಲ್ಲಿ ಪಿಸ್ತೂಲ್ ಇಟ್ಟಿದ್ದರೆ ಅದು ಈ ಕಳುವನ್ನು ಹೇಗೆ ತಡೆಯುತ್ತಿತ್ತು?

ಚಡಚಣದಲ್ಲೂ ಪಿಸ್ತೂಲ್ ಮಾಡಿದ ಕೆಲಸ ತೋರಿಸುವುದಷ್ಟೇ. ದರೋಡೆಕೋರರು ಗಡಿ ದಾಟಿ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಜನರ ಕೈಗೆ ಸಿಕ್ಕುವ ಹಾಗಾದಾಗ ಕಾರು ಬಿಟ್ಟು ಓಡಬೇಕಾಯಿತು. ಲೂಟಿಯ ಒಂದು ಪಾಲು ಆ ಊರಿನಲ್ಲೇ ಪೊಲೀಸರಿಗೆ ಸಿಕ್ಕಿತು. ಪಿಸ್ತೂಲ್ ಇದ್ದವರನ್ನು ಅಲ್ಲಿ ಪೇಚಿಗೆ ಸಿಲುಕಿಸಿದ್ದು ಇನ್ನೊಂದು ಪಿಸ್ತೂಲಲ್ಲ, ರಸ್ತೆಗೆ ಬಂದ ಊರ ಮಂದಿ.

ಅಂಗಡಿಯವರಿಗೆ ನಿಜವಾಗಿ ರೊಕ್ಕ ಹಾಕಿದರೆ ಹೊರಡುವ ಜಾಗಗಳು ಬೇರೆ ಇವೆ. ಕ್ಯಾಮೆರಾ ಎಲ್ಲರೂ ಹಾಕಿದ್ದಾರೆ, ಆದರೆ ಅರ್ಧದಷ್ಟು ಕ್ಯಾಮೆರಾ ಗಲ್ಲಾ ಕಡೆ ಮುಖ ಮಾಡಿ ಕೆಲಸದ ಹುಡುಗನನ್ನು ಕಾಯುತ್ತವೆ, ಬೀದಿ ನೋಡುವುದಿಲ್ಲ. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಒಂದೇ ಹೊತ್ತಿಗೆ ನೂರು ಅಥವಾ ದಿನಕ್ಕೆ ಐನೂರು ಜನ ಬರುವ ಕಡೆ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿಸಬೇಕು ಎನ್ನುತ್ತದೆ. ಸಣ್ಣ ಅಂಗಡಿಗೆ ಅದು ಅನ್ವಯಿಸದಿದ್ದರೂ 30 ದಿನದ ಅಳತೆ ಒಳ್ಳೆಯದು, ಯಾಕೆಂದರೆ ದರೋಡೆಗೆ ಮೊದಲು ನೋಡಿಕೊಂಡು ಹೋಗಲು ಬಂದವನ ಮುಖ ಹಳೆಯ ದೃಶ್ಯದಲ್ಲೇ ಇರುತ್ತದೆ. ರೆಕಾರ್ಡ್ ಮಾಡುವ ಡಬ್ಬಿಯನ್ನು ಕೌಂಟರ್ ಕೆಳಗೆ ಇಟ್ಟರೆ ಕಳ್ಳರು ಅದನ್ನೂ ಕಿತ್ತುಕೊಂಡು ಹೋಗುತ್ತಾರೆ.

ಕಳುವಿನ ವಿಮೆ ಇನ್ನೊಂದು. ಸರ್ಕಾರಿ ವಿಮಾ ಕಂಪನಿಗಳಲ್ಲೂ ಅಂಗಡಿಕಾರರಿಗೆಂದೇ ಪಾಲಿಸಿ ಇದೆ, ಬಂಗಾರದಂಗಡಿಯವರಿಗೆ ಜ್ಯುವೆಲರ್ಸ್ ಬ್ಲಾಕ್ ಪಾಲಿಸಿ ಎಂದು ಬೇರೆಯೇ ಇದೆ. ರೊಕ್ಕ ಹೋದರೆ ತುಂಬಿಕೊಡುವ ಕೆಲಸ ಕಾಗದ ಮಾಡುತ್ತದೆ, ಕುಲುಮೆಯ ಕಬ್ಬಿಣ ಮಾಡುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಬ್ಬನೇ ರೊಕ್ಕ ಒಯ್ಯುವ ಚಟ ಬಿಡುವುದಕ್ಕೆ ಪೈಸೆಯೂ ಬೀಳುವುದಿಲ್ಲ. ಅನುಮಾನ ಬಂದರೆ 112.

ಲೈಸನ್ಸ್ ಬೇಕೇಬೇಕು ಅನ್ನುವವರಿಗೆ

ನಿಜವಾಗಿ ಜೀವ ಬೆದರಿಕೆ ಇರುವವರು ಇಲ್ಲವೆಂದಲ್ಲ. ಅಂಥವರಿಗೆ ದಾರಿ ಜಿಲ್ಲಾಧಿಕಾರಿ ಕಚೇರಿಯದ್ದು. ಪೊಲೀಸರ ವರದಿ ಬೇಕು, ಬೆದರಿಕೆ ಏನೆಂದು ಹೇಳಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷಿತವಾಗಿ ಹಿಡಿಯುವ ತರಬೇತಿಯ ಪ್ರಮಾಣಪತ್ರವೂ ಬೇಕು. 2019ರ ತಿದ್ದುಪಡಿಯ ನಂತರ ಲೈಸನ್ಸ್ 5 ವರ್ಷಕ್ಕೆ ಸಿಗುತ್ತದೆ, ಒಬ್ಬನ ಬಳಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಮೂರು ವರ್ಷಕ್ಕೊಮ್ಮೆ ಯಾವುದಾದರೊಂದು ಚುನಾವಣೆ ಇದ್ದೇ ಇರುವ ನಮ್ಮ ಕಡೆ ಇದೂ ಒಂದು ಓಡಾಟ.

ಗೌಡರ, ಸಾಹುಕಾರರ ಹಳೆಯ ಮನೆಗಳಲ್ಲಿ ಮಾತ್ರ ಒಂದು ವಿಷಯ ತುರ್ತಾಗಿ ನೋಡಿಕೊಳ್ಳಬೇಕಾದ್ದಿದೆ. ಅಪ್ಪನ ಹೆಸರಿನಲ್ಲಿದ್ದ ಲೈಸನ್ಸ್ ಅಪ್ಪ ತೀರಿಕೊಂಡ ದಿನವೇ ಮುಗಿಯುತ್ತದೆ. ಕಪಾಟಿನಲ್ಲಿ ಉಳಿದ ಬಂದೂಕು, ರಿವಾಲ್ವರ್ ಆಗಿನಿಂದ ಲೈಸನ್ಸ್ ಇಲ್ಲದ ಶಸ್ತ್ರವೇ. ತಡಮಾಡದೆ ಹತ್ತಿರದ ಠಾಣೆಗೆ ಅಥವಾ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಗೆ ಒಪ್ಪಿಸಿ ರಶೀದಿ ತೆಗೆದುಕೊಳ್ಳಬೇಕು. ವಾರಸುದಾರರು ಬೇಕಿದ್ದರೆ ತಮ್ಮ ಹೆಸರಿಗೆ ಲೈಸನ್ಸ್ ಕೇಳಿ ಅರ್ಜಿ ಹಾಕಬಹುದು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಹಿರಿಯರಿಗೆ 70 ವರ್ಷ ತುಂಬಿದ್ದರೆ ಅಥವಾ 25 ವರ್ಷದಿಂದ ಅವರ ಬಳಿಯೇ ಶಸ್ತ್ರವಿದ್ದರೆ, ಅವರು ಇರುವಾಗಲೇ ಮಗನ ಅಥವಾ ಮಗಳ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು.